ದೇವರ ಮನೆಯಲ್ಲಿ ನಿಂತ ಚುಕ್ಕಿ

ಮಹಿಳಾ ಹಾಸ್ಟೆಲ್, ಮೈಸೂರು
ಗುರುವಾರ, ೫ ಫೆಬ್ರವರಿ ೨೦೦೯

ಅಕ್ಕಾ,

ಮೊದಲು ಎಲ್ಲಾದರೂ ಕೂತ್ಕೋ, ಆಮೇಲೆ ಓದು. ಊಟದ ಬಿಡುವಿನಲ್ಲಿ ಓದಬೇಡ. ಮತ್ತೆ ಯಾರದೋ ಕೈಯಿಂದ ರಕ್ತ ತೆಗೀಬೇಕಾಗುತ್ತೆ, ಸೂಜಿ ಹಿಡಿದ ಕೈ ನಡುಗಿದರೆ ಕಷ್ಟ. ಲ್ಯಾಬಿನಿಂದ ಹೊರಟ ಮೇಲೆ ಬಸ್ಸಲ್ಲಿ ಓದು.

ಲ್ಯಾಬಿನ ವಿಳಾಸಕ್ಕೆ ಯಾಕೆ ಹಾಕಿದ್ದೀನಿ ಅಂದರೆ, ಕೆಸರೆಗೆ ಹಾಕಿದರೆ ಸಿದ್ದೇಶ್ ಭಾವನೋ ನಿನ್ನ ಅತ್ತೆ ಮುದ್ದಮ್ಮನವರೋ ಒಡೆದುಬಿಡಬಹುದು. ಅವರು ಓದಬಾರದು ಅಂತಲ್ಲ. ಮೊದಲು ನೀನು ಓದಬೇಕು. ಫೋನ್ ಮಾಡೋಣ ಅಂದರೆ ನನ್ನ ಮೊಬೈಲಿನ ಬಿಲ್ಲು ಒಂದೊಂದು ನಂಬರಿನ ಸಮೇತ ಅಪ್ಪನ ಆಫೀಸಿಗೆ ಹೋಗುತ್ತೆ. ಗುರುತಿಲ್ಲದ ನಂಬರ್ ಕಂಡರೆ ಅಪ್ಪ ತಾವೇ ಡಯಲ್ ಮಾಡಿ, ನೀವ್ಯಾರು ಮಾತಾಡ್ತಿರೋದು ಅಂತ ವಿಚಾರಿಸ್ತಾರೆ. ಹಾಸ್ಟೆಲಿನ ಕಾಯಿನ್ ಫೋನಿನ ಹಿಂದೆ ಸದಾ ಕ್ಯೂ ಇರುತ್ತೆ. ಅಲ್ಲಿ ನಿಂತು ಈ ವಿಷಯ ಹೇಳೋ ಧೈರ್ಯ ನನಗಿಲ್ಲ. ನನ್ನ ಕನ್ನಡ ಎಂಥದು ಅಂತ ನಿನಗೆ ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಕನ್ನಡ ಮಾತಾಡಿದರೆ ಫೈನ್ ಕಟ್ಟಿ ಬೆಳೆದವಳು ನಾನು. ತಪ್ಪಿದ್ದ ಕಡೆ ತಿದ್ದಿಕೊಂಡು ಓದು.

ನೀನು ಹಾಸ್ಟೆಲಿಗೆ ಫೋನ್ ಮಾಡಿದಾಗೆಲ್ಲ ಅಮ್ಮನ ಕಾಲು ಉಳುಕಿದೆ, ಅದಕ್ಕೇ ಸೋಮವಾರ ಬರ್ತಿಲ್ಲ, ಚಿಂತೆ ಮಾಡಬೇಡ ಅಂದೆ. ಅದು ಸುಳ್ಳು. ಅಮ್ಮ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಅದಕ್ಕಿಂತ ಹೆಚ್ಚಾಗಿ ತಲೆಗೆ ಏನೋ ಆಗಿದೆ. ಬದುಕಿದ್ದಾಳೆ, ಮನೆಗೆ ಬಂದಿದ್ದಾಳೆ, ಮಾತಾಡ್ತಾಳೆ. ಇದನ್ನ ಮೊದಲೇ ಬರೆದುಬಿಡ್ತೀನಿ, ಇಲ್ಲದಿದ್ದರೆ ನೀನು ಕೊನೆಯ ಸಾಲು ಹುಡುಕ್ತಾ ಹೋಗ್ತೀಯ.

ಡಿಸೆಂಬರಿನ ಕೊನೆಯ ಸೋಮವಾರ ನಿಮ್ಮ ಮನೆಯಿಂದ ಹೊರಟಾಗ ನೀನೇ ಅವಳನ್ನ ಬಸ್ ಹತ್ತಿಸಿದೆಯಂತೆ, ಕೂಸು ಅವಳ ಸೆರಗು ಬಿಡದೆ ಅತ್ತಿತಂತೆ. ಅಷ್ಟು ನಿನಗೆ ಗೊತ್ತು. ಅಲ್ಲಿಂದ ಮುಂದಿನದು ನಾನು ಹೇಳಬೇಕು. ಆದರೆ ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು, ಯಾಕೆಂದರೆ ಅಮ್ಮ ನಿನಗೆ ಎಷ್ಟೋ ವಿಷಯ ಹೇಳಿಲ್ಲ.

ನೀನು ಭಾವನನ್ನ ಮದುವೆಯಾಗಿ ಮನೆ ಬಿಟ್ಟು ವರ್ಷ ಆದ ಮೇಲೆ ಅಪ್ಪ ತಮ್ಮ ವ್ಯಾನುಗಳಿಗೆಲ್ಲ ಒಂದು ಯಂತ್ರ ಹಾಕಿಸಿದರು. ಫ್ಯಾಕ್ಟರಿ ಶಿಫ್ಟಿಗೆ ಜನರನ್ನ ಬಿಟ್ಟು ಬಂದ ಮೇಲೆ ಡ್ರೈವರುಗಳು ಮದುವೆಗೆ, ಮುಡಿ ಕೊಡೋಕೆ ಅಂತ ಬಾಡಿಗೆ ಹೊಡೀತಾರೆ ಅನ್ನೋ ಅನುಮಾನ ಅವರಿಗೆ ಮೊದಲಿಂದಲೂ ಇತ್ತಲ್ಲ. ಬೆಂಗಳೂರಿನವರು ಬಂದು ಸೀಟಿನ ಕೆಳಗೆ ಕೂರಿಸಿ ಹೋದರು. ಹೂಟಗಳ್ಳಿ ಆಫೀಸಿನ ಕಂಪ್ಯೂಟರಿನಲ್ಲಿ ಮೈಸೂರಿನ ಮ್ಯಾಪು, ಅದರ ಮೇಲೆ ಒಂದೊಂದು ವ್ಯಾನಿಗೆ ಒಂದೊಂದು ಚುಕ್ಕಿ. ಸುತ್ತ ನಾವೇ ಒಂದು ಗೆರೆ ಎಳೀಬಹುದು. ಚುಕ್ಕಿ ಗೆರೆ ದಾಟಿದ ತಕ್ಷಣ ಕಂಪ್ಯೂಟರ್ ಕೂಗುತ್ತೆ, ಅಪ್ಪನ ಫೋನಿಗೆ ಮೆಸೇಜ್ ಬರುತ್ತೆ. ನೆಲದ ಮೇಲೆ ಏನೂ ಇರಲ್ಲ, ಮ್ಯಾಪಿನಲ್ಲಿ ಮಾತ್ರ. ಅಪ್ಪ ಅದಕ್ಕೆ ಬೇಲಿ ಅಂತ ಹೆಸರಿಟ್ಟರು. ಹಳೇ ಡ್ರೈವರ್ ಮೂಗಯ್ಯ ನನ್ನನ್ನ ಹಾಸ್ಟೆಲಿಗೆ ಬಿಡುವಾಗ ದಾರಿಯುದ್ದಕ್ಕೂ ಗೊಣಗಿದ. ಮೇಯೋ ದನಕ್ಕೆ ಗಂಟೆ ಕಟ್ಟವ್ರೆ ಕಣವ್ವಾ, ನಾಳೆ ಹುಲ್ಲೂ ಅವ್ರೇ ಹಾಕ್ತಾರೆ ಬುಡು ಅಂದ. ನಾನು ನಕ್ಕೆ.

ಆಮೇಲೆ ಆಗಸ್ಟಿನಲ್ಲಿ ಅಮ್ಮ ಮಾರ್ಕೆಟಿನಲ್ಲಿ ತಲೆ ಸುತ್ತಿ ಬಿದ್ದಳು. ಸಕ್ಕರೆ ಇಳಿದುಬಿಟ್ಟಿತ್ತು. ಹೂವಿನವಳೊಬ್ಬಳು ಬಾಯಿಗೆ ಬೆಲ್ಲ ಹಾಕಿ, ನೀರು ಚಿಮುಕಿಸಿ, ಆಟೋ ಹತ್ತಿಸಿದಳು. ಅವತ್ತು ಅಪ್ಪ ಹೆದರಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅಮ್ಮನ ಮಂಚದ ಪಕ್ಕ ಕೂತು, ಯಾರೂ ಇಲ್ಲದ ಕಡೆ ಬಿದ್ದಿದ್ದರೆ, ಯಾರೂ ಇಲ್ಲದ ಕಡೆ ಬಿದ್ದಿದ್ದರೆ ಅಂತ ಅದನ್ನೇ ಹೇಳ್ತಿದ್ದರು. ಅದೇ ಕಂಪನಿಯಲ್ಲಿ ಮನುಷ್ಯರಿಗೂ ಒಂದು ಯಂತ್ರ ಇತ್ತು. ಬೆಂಕಿಪೊಟ್ಟಣದಷ್ಟು ಗಾತ್ರ, ಕುತ್ತಿಗೆಗೆ ಹಾಕ್ಕೊಳೋ ದಾರ, ನಡುವೆ ಕೆಂಪು ಗುಂಡಿ. ತಲೆ ಸುತ್ತಿದಾಗ ಗುಂಡಿ ಒತ್ತಿದರೆ ಸಾಕು, ಎಲ್ಲಿದ್ದಾಳೆ ಅಂತ ಅಪ್ಪನಿಗೆ ಗೊತ್ತಾಗುತ್ತೆ. ಗೌರಿ ಹಬ್ಬಕ್ಕೆ ಸೀರೆಯ ಜೊತೆ ಅದನ್ನ ತಂದುಕೊಟ್ಟರು. ದಿನಾ ಸಂಜೆ ಅದನ್ನ ಚಾರ್ಜಿಗೆ ಹಾಕೋದು ಅಪ್ಪನದೇ ಕೆಲಸ, ಬೇರೆ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಅಮ್ಮ ಮಾತ್ರ, ಇದು ಎರಡನೇ ತಾಳಿ ಕಣೆ, ಇದಕ್ಕೆ ಕರೆಂಟು ಬೇರೆ ಕುಡಿಸ್ಬೇಕು ಅಂತ ನಗ್ತಿದ್ದಳು. ಇಷ್ಟನ್ನ ಯಾಕೆ ಬರೆದೆ ಅಂದರೆ, ನೀನು ಅಪ್ಪನನ್ನ ಬರೀ ಒಂದೇ ಥರ ನೆನಪಿಟ್ಟುಕೊಳ್ಳಬಾರದು ಅಂತ.

ಅಮ್ಮನ ಯಂತ್ರಕ್ಕೆ ಗೆರೆ ಎಳೆದದ್ದು ನಾನು. ದಸರಾ ರಜದಲ್ಲಿ ಆಫೀಸಿಗೆ ಹೋಗಿದ್ದೆ. ಕಂಪ್ಯೂಟರ್ ನೋಡಿಕೊಳ್ಳೋ ಮಹೇಶ್ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ. ಎಂಜಿನಿಯರಿಂಗ್ ಓದೋ ಮಗಳು ಎಳೀಲಿ ಅಂತ ಅಪ್ಪನಿಗೆ ಆಸೆ. ಅಮ್ಮ ಎಲ್ಲೆಲ್ಲಿಗೆ ಹೋಗ್ತಾಳೆ ಅಂತ ಅಪ್ಪ ಒಂದೊಂದೇ ಹೇಳಿದರು. ಮನೆ, ಹಾಲಿನ ಬೂತು, ನರ್ಸಿಂಗ್ ಹೋಂ, ಮಾರ್ಕೆಟ್ಟು, ಮಠ, ನನ್ನ ಹಾಸ್ಟೆಲ್. ನಾನು ಅವೆಲ್ಲ ಒಳಗೆ ಬರೋ ಹಾಗೆ ಮೌಸ್ ಒತ್ತುತ್ತಾ ಹೋದೆ. ಉತ್ತರದ ಕಡೆ ಬಂದಾಗ ಅಪ್ಪ ಸ್ಕ್ರೀನಿನ ಮೇಲೆ ಬೆರಳಿಟ್ಟು, ಇಲ್ಲಿಗೆ ನಿಲ್ಲಿಸು ಅಂದರು. ಆ ಜಾಗದ ಹೆಸರು ಹೇಳಲಿಲ್ಲ. ಮಹೇಶ್ ಫ್ಯಾನ್ ಕಡೆ ನೋಡಿದ. ಬೆರಳಿನ ಆಚೆ ಕೆಸರೆ ಇತ್ತು, ನಿಮ್ಮ ಬೀದಿಯೂ ಇತ್ತು. ನಾನು ಅಲ್ಲಿಗೇ ನಿಲ್ಲಿಸಿದೆ. ನಮ್ಮ ಸ್ಕೂಲಿನಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು ಇತ್ತು, ಅದರಾಚೆ ಹುಡುಗಿಯರು ಹೋಗೋ ಹಾಗಿರಲಿಲ್ಲ. ಅದನ್ನ ಯಾರೂ ಪ್ರಶ್ನೆ ಮಾಡ್ತಿರಲಿಲ್ಲ. ನನಗೆ ಇದೂ ಹಾಗೇ ಕಂಡಿತು. ಆಮೇಲೆ ಮೂರು ದಿನ ನಿದ್ದೆ ಬರಲಿಲ್ಲ, ಆದರೂ ಅಮ್ಮನಿಗೆ ಹೇಳಲಿಲ್ಲ. ಅವಳು ಸೋಮವಾರ ಸೋಮವಾರ ನಿನ್ನ ಮನೆಗೆ ಬರೋದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪನಿಗೂ ಖಚಿತವಾಗಿ ಗೊತ್ತಿರಲಿಲ್ಲ ಅನ್ಸುತ್ತೆ.

ಅಕ್ಟೋಬರಿನಲ್ಲಿ ಒಂದು ಸೋಮವಾರ ಅಮ್ಮ ಆ ಯಂತ್ರ ಹಾಕ್ಕೊಂಡೇ ನಿಮ್ಮಲ್ಲಿಗೆ ಬಂದಿದ್ದಳು. ನಿನಗೆ ನೆನಪಿರಬಹುದು, ಕೂಸು ಅದನ್ನ ಬಾಯಿಗೆ ಹಾಕ್ಕೊಂಡು ಜೊಲ್ಲು ಮಾಡಿತಂತೆ. ಅವತ್ತು ಅವಳು ವಾಪಸು ಹೋಗುವಾಗ ಸ್ಟಾಪಿನ ಎದುರು ಅಪ್ಪನ ಜೀಪ್ ನಿಂತಿತ್ತು. ಅಪ್ಪ ಬೈಯಲಿಲ್ಲ. ಹತ್ತು ಅಂದರಷ್ಟೆ. ಮನೆ ಮುಂದೆ ಇಳಿಯುವಾಗ, ಒಂದು ಸಲ ಆಯ್ತು ಪ್ರೇಮ, ಇದೇ ಕೊನೆ ಅಂದರಂತೆ. ಇದನ್ನ ಅಮ್ಮ ನಿನಗೆ ಹೇಳಿರಲ್ಲ. ನನಗೆ ಹೇಳಿದಳು, ಯಾಕೆಂದರೆ ಅವಳಿಗೆ ಒಬ್ಬರು ಬೇಕಾಗಿತ್ತು.

ಯಾಕೆ ಬೇಕಾಗಿತ್ತು ಹೇಳ್ತೀನಿ. ಪೂಜೆಗೆ ಕೂತಾಗ ಅಮ್ಮ ಆ ಯಂತ್ರವನ್ನ ತೆಗೆದಿಡ್ತಿದ್ದಳು. ಅದು ಇಷ್ಟಲಿಂಗದ ಕರಡಿಗೆಗೆ ತಗುಲಿ ಟಕ್ ಟಕ್ ಅನ್ನುತ್ತೆ, ಲಿಂಗ ಇರೋ ಎದೆ ಮೇಲೆ ಇದೇನು ಅಪಚಾರ ಅಂತ ಮೊದಲ ದಿನವೇ ಜಗಳ ಮಾಡಿದ್ದಳು. ಪೂಜೆ ವಿಷಯದಲ್ಲಿ ಅಪ್ಪ ಎದುರು ಮಾತಾಡಲ್ಲ. ದೇವರ ಮನೆಯಲ್ಲಿ ವಿಭೂತಿ ಗೂಡಿನ ಪಕ್ಕ ತಾವೇ ಒಂದು ಮೊಳೆ ಹೊಡೆದುಕೊಟ್ಟರು, ಪೂಜೆ ಮುಗಿಯೋ ತನಕ ಅದರಲ್ಲಿ ತಗುಲಿಹಾಕು ಅಂತ. ಆ ಸೋಮವಾರದ ನಂತರ ಅಮ್ಮನ ಪೂಜೆ ಉದ್ದ ಆಗ್ತಾ ಬಂತು. ಮೊಳೆಗೆ ಯಂತ್ರ, ಹಿತ್ತಿಲ ಬಾಗಿಲಿಗೆ ಚಿಲಕ, ಹಾಲಿನ ಬೂತಿನ ಹಿಂದಿನಿಂದ ಬಸ್ ಸ್ಟಾಪು. ಇತ್ತ ಆಫೀಸಿನಲ್ಲಿ ಅಪ್ಪ ಸ್ಕ್ರೀನ್ ನೋಡ್ತಾ ಮಹೇಶನಿಗೆ ಹೇಳ್ತಿದ್ದರಂತೆ, ನಮ್ಮನೇವ್ರು ನೋಡಯ್ಯ, ಸೋಮವಾರ ಬಂದ್ರೆ ದೇವರ ಮನೆ ಬಿಟ್ಟು ಅಲ್ಲಾಡಲ್ಲ. ಅವರಿಗೆ ಅದರಲ್ಲಿ ಎಷ್ಟು ನೆಮ್ಮದಿ ಇತ್ತು ಅಂದರೆ, ನನಗೆ ಫೋನ್ ಮಾಡಿದಾಗಲೂ ನಿಮ್ಮಮ್ಮನ ಭಕ್ತಿ ಜಾಸ್ತಿ ಆಗಿದೆ ಅಂತ ಹೇಳ್ಕೊಳ್ತಿದ್ದರು. ಮೊದಮೊದಲು ಆ ಯಂತ್ರ ತಪ್ಪು ತೋರಿಸ್ತಿತ್ತು. ಒಂದು ದಿನ ಅಮ್ಮ ಕೆರೆ ನಡುವೆ ಇದ್ದಾಳೆ ಅಂತ ತೋರಿಸಿ, ಅಪ್ಪ ಜೀಪ್ ಹೊಡ್ಕೊಂಡು ಬಂದು ನೋಡಿದರೆ ಅಮ್ಮ ಅಡುಗೆ ಮನೇಲಿ ಬೆಳ್ಳುಳ್ಳಿ ಸುಲೀತಿದ್ದಳು. ತಾರಸಿ ಕೆಳಗೆ ಹೀಗಾಗುತ್ತೆ ಅಂತ ಕಂಪನಿಯವರು ಏನೋ ಸರಿಮಾಡಿ ಹೋದರು. ಅಲ್ಲಿಂದ ಅಪ್ಪನಿಗೆ ಅದರ ಮೇಲೆ ಪೂರ್ತಿ ನಂಬಿಕೆ.

ನನ್ನ ಪಾಲು ಇಷ್ಟೆ. ಅಮ್ಮ ವಾಪಸು ಮನೆ ಸೇರಿದ ಮೇಲೆ ಲ್ಯಾಂಡ್‌ಲೈನಿನಿಂದ ನನಗೆ ಒಂದು ಮಿಸ್ಡ್ ಕಾಲ್ ಕೊಡ್ತಿದ್ದಳು. ಅದು ಬಂದ ಮೇಲೆ ನನಗೆ ಊಟ ಇಳೀತಿತ್ತು.

ಡಿಸೆಂಬರಿನ ಆ ಸೋಮವಾರ ಮಿಸ್ಡ್ ಕಾಲ್ ಬರಲಿಲ್ಲ. ಊಟದ ಹೊತ್ತು ಆಯಿತು, ಕಾಲೇಜಿನ ಲ್ಯಾಬಿಗೆ ಹೋಗೋ ಹೊತ್ತೂ ಆಯಿತು. ಮನೆಗೆ ಮಾಡಿದೆ, ರಿಂಗ್ ಆಗ್ತಾನೇ ಇತ್ತು. ನಿಮ್ಮಲ್ಲೇ ಉಳಿದಿರಬಹುದು, ಕೂಸು ಬಿಟ್ಟಿರಲ್ಲ ಅಂದುಕೊಂಡೆ. ಅಪ್ಪನಿಗೆ ಫೋನ್ ಮಾಡಿದೆ, ಫೀಸಿನ ವಿಷಯ ಏನೋ ಎತ್ತಿ ನಡುವೆ ಅಮ್ಮ ಏನ್ಮಾಡ್ತಿದ್ದಾಳೆ ಅಂತ ಕೇಳಿದೆ. ಪೂಜೇಲಿದ್ದಾಳೆ, ತೊಂದರೆ ಕೊಡಬೇಡ ಅಂದರು. ಪಕ್ಕದ ಮನೆ ಪುಟ್ಟಬಸಮ್ಮ ಕದ ತಟ್ಟಿ ಸಾಕಾಗಿ ಅಪ್ಪನಿಗೆ ಫೋನ್ ಮಾಡಿದ್ದರಂತೆ, ಅವರಿಗೂ ಅದನ್ನೇ ಹೇಳಿದ್ದರು. ಪೂಜೇಲಿದ್ದಾಳೆ ಕಣಮ್ಮ, ನಾನಿಲ್ಲಿಂದ್ಲೇ ನೋಡ್ತಿದ್ದೀನಲ್ಲ ಅಂತ.

ಕೊನೆಗೆ ಲ್ಯಾಬಿನಿಂದ ಎದ್ದು ಬಂದು ಮತ್ತೆ ಮಾಡಿದೆ. ಅಪ್ಪ, ಅಮ್ಮ ಪೂಜೇಲಿಲ್ಲ ಅಂದೆ. ನಾನು ಸ್ಕ್ರೀನ್ ಮುಂದೆ ಕೂತಿದ್ದೀನಿ, ನೀನು ಹಾಸ್ಟೆಲಲ್ಲಿ ಕೂತು ನನಗೆ ಹೇಳ್ತೀಯಾ ಅಂತ ರೇಗಿದರು. ಚುಕ್ಕಿ ಒಂದಿಂಚೂ ಕದಲಿಲ್ಲ ಅಂದರು. ಆಗ ನಾನು ಹೇಳಬೇಕಾಯಿತು.

"ಆ ಚುಕ್ಕಿ ಮೊಳೇಲಿ ನೇತಾಡ್ತಿದೆ ಅಪ್ಪ. ಅಮ್ಮ ಕೆಸರೆಗೆ ಹೋಗಿದ್ದಾಳೆ."

ಅಪ್ಪ ಫೋನ್ ಇಟ್ಟ ಶಬ್ದ ಬರಲಿಲ್ಲ, ಕುರ್ಚಿ ಎಳೆದದ್ದು ಮಾತ್ರ ಕೇಳಿಸಿತು. ಮಹೇಶ್ ಜೊತೆಗೆ ಹೋಗಿದ್ದ, ಅವನೇ ಆಮೇಲೆ ನನಗೆ ಹೇಳಿದ್ದು. ಅಪ್ಪ ಚಪ್ಪಲಿ ಕಾಲಲ್ಲೇ ದೇವರ ಮನೆಗೆ ನುಗ್ಗಿದರಂತೆ. ಮೊಳೆಯಿಂದ ಯಂತ್ರ ತೆಗೆದು, ಅದರ ಕೆಂಪು ಗುಂಡಿ ಒತ್ತಿದರಂತೆ. ಅವರ ಜೇಬಿನಲ್ಲೇ ಫೋನು ಹೊಡ್ಕೊಂಡಿತು. ಮತ್ತೆ ಒತ್ತಿದರು, ಮತ್ತೆ ಹೊಡ್ಕೊಂಡಿತು. ಮಹೇಶ್ ಕೈ ಹಿಡಿದು ಹೊರಗೆ ಕರ್ಕೊಂಡು ಬಂದನಂತೆ.

ಅಮ್ಮ ನೀನು ಹತ್ತಿಸಿದ ಬಸ್ಸಿಂದ ಇಳಿದು, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಬಸ್ಸಿಗೆ ಕಾಯ್ತಾ ಬಿದ್ದಿದ್ದಳು. ಕಂಬದ ಹಿಂದೆ, ಗೋಡೆಗೆ ಒರಗಿದ ಹಾಗೆ. ದಣಿದು ಮಲಗಿದ್ದಾರೆ ಅಂತ ಜನ ದಾಟಿಕೊಂಡು ಹೋಗಿದ್ದಾರೆ. ಬಹಳ ಹೊತ್ತಿನ ಮೇಲೆ ಕಸ ಗುಡಿಸೋ ಹೆಂಗಸು ಪೊರಕೆ ತಗುಲಿಸಿ, ಅಲ್ಲಾಡಲಿಲ್ಲ ಅಂತ ಕೂಗಿ ಜನ ಸೇರಿಸಿದಳು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಹೆಸರು ಗೊತ್ತಾಗೋಕೆ ಅವಳ ಹತ್ತಿರ ಏನೂ ಇರಲಿಲ್ಲ. ಬ್ಯಾಗಿನಲ್ಲಿ ಕೂಸಿನ ಒಂದು ಒದ್ದೆ ಅಂಗಿ, ನಿನಗೆ ಒಗೆಯೋಕೆ ಬಿಡದೆ ತಾನೇ ಒಗೆದು ತರ್ತೀನಿ ಅಂತ ತಂದಿದ್ದಳಂತಲ್ಲ, ಅದು. ನರ್ಸ್ ಒಬ್ಬರು ಎದೆ ಮೇಲಿನ ಕರಡಿಗೆ ನೋಡಿ, ಲಿಂಗಾಯತರು ಇರಬೇಕು, ಯಾವುದಾದರೂ ಮಠಕ್ಕೆ ಫೋನ್ ಮಾಡಿ ಅಂದರಂತೆ. ಮಠದಿಂದ ಸದಾಶಿವಯ್ಯನವರು ಬಂದು ನೋಡಿದ ತಕ್ಷಣ ಗುರುತು ಹಿಡಿದರು, ದಾಸೋಹದ ದಿನ ಬಡಿಸೋಕೆ ಬರೋ ಪ್ರೇಮಲೀಲಮ್ಮ ಅಂತ. ಅಪ್ಪ ಅಮ್ಮನ ಮಂಚ ಸೇರುವಾಗ ದೀಪ ಹಚ್ಚೋ ಹೊತ್ತಾಗಿತ್ತು.

ಮೂಳೆ ಕೂಡಿಕೊಳ್ಳುತ್ತಂತೆ. ಸಕ್ಕರೆ ಅಷ್ಟು ಹೊತ್ತು ಇಳಿದೇ ಇದ್ದದ್ದರಿಂದ ಮಿದುಳಿಗೆ ಏಟು ಬಿದ್ದಿದೆ. ಸ್ವಲ್ಪ ದಿನದಲ್ಲಿ ಸರಿಹೋಗಬಹುದು, ಇನ್ನೂ ಕೆಳಗೆ ಹೋಗಬಹುದು, ನಾವು ಹೇಳೋಕಾಗಲ್ಲ ಅಂದರು ಡಾಕ್ಟರು. ನನಗೆ ಕಾಣೋ ಪ್ರಕಾರ ಕೆಳಗೇ ಹೋಗ್ತಿದೆ. ಬೆಳಿಗ್ಗೆ ಚೆನ್ನಾಗಿರ್ತಾಳೆ, ಮಧ್ಯಾಹ್ನದ ಹೊತ್ತಿಗೆ ನನ್ನನ್ನ ನೀನು ಅಂದ್ಕೊಂಡು ಅಕ್ಷತಾ ಅಂತಾಳೆ. ಒಂದೊಂದು ಸಲ ಅಪ್ಪನ ಎದುರಿಗೇ ಕೂಸಿಗೆ ಹಲ್ಲು ಬಂತಾ ಅಂತ ಕೇಳ್ತಾಳೆ. ಅಪ್ಪ ಕಿಟಕಿ ಕಡೆ ತಿರುಗಿ ನಿಂತ್ಕೋತಾರೆ. ಹೋದ ಶನಿವಾರ ಪುಟ್ಟಬಸಮ್ಮ ಬಂದು ಅರ್ಧ ಗಂಟೆ ಕೂತು ಹೋದರೂ ಯಾರು ಅಂತ ಗೊತ್ತಾಗಲಿಲ್ಲ. ಹದಿನೈದು ವರ್ಷದಿಂದ ಪಕ್ಕದ ಮನೆಯವರು. ಅದನ್ನ ನೋಡಿದ ಮೇಲೆ ನನಗೆ ತಡೆಯೋಕಾಗಲಿಲ್ಲ. ನಿನ್ನ ಗುರುತು ಅವಳಿಗೆ ಇನ್ನೂ ಇದೆ ಅಕ್ಕ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಇದಕ್ಕೇ ಈ ಪತ್ರ.

ಅಪ್ಪ ಈಗ ಆಫೀಸಿಗೆ ಸರಿಯಾಗಿ ಹೋಗಲ್ಲ. ಅವಳ ತಲೆ ಬಾಚೋದು, ಬೆನ್ನಿಗೆ ಪೌಡರ್ ಹಾಕೋದು, ಇಂಜೆಕ್ಷನ್ ಕೊಡೋದು ಎಲ್ಲ ಅವರೇ. ನಾನು ಎಳೆದ ಗೆರೆ ತೋರಿಸಿ, ಮೇಡಂ ಝೋನ್ ತೆಗೆದುಬಿಡ್ಲಾ ಸಾರ್ ಅಂತ ಮಹೇಶ್ ಕೇಳಿದನಂತೆ. ಇರಲಿ ಬಿಡು ಅಂದರಂತೆ. ಯಂತ್ರ ಮತ್ತೆ ಅಮ್ಮನ ಕುತ್ತಿಗೆಯಲ್ಲಿದೆ. ಎದ್ದು ಕೂರೋಕಾಗದವಳಿಗೆ ದಿನಾ ಸಂಜೆ ಅದನ್ನ ಚಾರ್ಜ್ ಮಾಡಿ ಹಾಕ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅಪ್ಪ ಕಲ್ಲಾಗಿದ್ದರು. ಬೆಳಿಗ್ಗೆ ಇಂಜೆಕ್ಷನ್ ತಗೊಂಡ ಮೇಲೆ ಇವರು ಏನು ತಿಂದಿದ್ದರು ಅಂತ ಡಾಕ್ಟರು ಅವತ್ತೇ ಕೇಳಿದ್ದರು. ಹೊಟ್ಟೆ ಪೂರ್ತಿ ಖಾಲಿ ಇತ್ತಂತೆ. ಅವತ್ತಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು. ಸಕ್ಕರೆ ಕಾಯಿಲೆಯವಳು, ಮಗಳ ಮನೆ ಅಂತ ಹುಡುಕ್ಕೊಂಡು ಹೋದವಳು, ಒಂದು ತುತ್ತು ಹಾಕದೆ ಕಳಿಸಿದ್ದಾರೆ ಆ ಮನೆಯವರು. ನಿಮ್ಮಕ್ಕ ಈ ಹೊಸ್ತಿಲು ತುಳಿಯಬಾರದು. ಮುದ್ದಮ್ಮನವರನ್ನ ಸೇರಿಸಿ, ಜಾತಿ ಎತ್ತಿ ಇನ್ನೂ ಏನೇನೋ ಅಂದರು, ಅದನ್ನ ಬರೆಯಲ್ಲ. ನಾನು ಎಷ್ಟು ಕೇಳಿಕೊಂಡರೂ, ಅಕ್ಕ ಒಂದು ಸಲ ಬಂದು ನೋಡ್ಕೊಂಡು ಹೋಗಲಿ ಅಂದರೂ, ಎದ್ದು ಹೋಗ್ತಿದ್ದರು.

ಈಗ ಒಪ್ಪಿದ್ದಾರೆ. ಹೇಗೆ ಅಂತ ಕೇಳಬೇಡ, ಒಪ್ಪಿದರು ಅಂತ ತಿಳ್ಕೋ. ಬರೋ ಸೋಮವಾರ, ಒಂಬತ್ತನೇ ತಾರೀಕು, ನಿನ್ನ ರಜದ ದಿನವೇ. ಹನ್ನೊಂದು ಗಂಟೆಗೆ ಬಾ, ಒಂದು ಗಂಟೆ ಹೊತ್ತು ಇರಬಹುದು. ನೀನು ಮತ್ತೆ ಕೂಸು ಮಾತ್ರ. ಭಾವ ಬರೋ ಹಾಗಿಲ್ಲ, ಬಸ್ ಸ್ಟಾಪಿನ ತನಕ ಬಂದು ಅಲ್ಲೇ ಟೀ ಅಂಗಡೀಲಿ ಕಾಯಲಿ, ನನ್ನ ಪರವಾಗಿ ಸಾರಿ ಕೇಳು. ಅಪ್ಪ ಆ ಹೊತ್ತಿಗೆ ಆಫೀಸಿಗೆ ಹೋಗ್ತಾರಂತೆ. ನಾನು ಕಾಲೇಜಿಗೆ ಚಕ್ಕರ್ ಹಾಕಿ ಮನೇಲಿರ್ತೀನಿ. ಅಮ್ಮನ ರೂಮು ಈಗ ಮುಂದಿನ ಹಾಲ್ ಪಕ್ಕದ್ದು, ನಿನ್ನ ರೂಮಾಗಿತ್ತಲ್ಲ, ಅದೇ. ನಿನ್ನ ಮಂಚದ ಮೇಲೇ ಮಲಗಿಸಿದ್ದೀವಿ. ಅವಳನ್ನ ನೋಡಿದ ತಕ್ಷಣ ಅಳಬೇಡ. ಕೂದಲು ಅರ್ಧಕ್ಕೆ ಕತ್ತರಿಸಿದ್ದಾರೆ, ಹೆದರಬೇಡ. ಕೂಸನ್ನ ಎಡಗಡೆ ಕೂರಿಸು, ಬಲಗಡೆ ನೋವಿದೆ.

ಬರ್ತೀಯ ತಾನೆ? ಬರಲ್ಲ ಅಂದರೂ ನನಗೆ ಅರ್ಥ ಆಗುತ್ತೆ, ಆದರೆ ಬಾ.

ನಿನ್ನ ದಾರಿ ನೋಡ್ತಿರೋ
ಲಾಸ್ಯ

ಕವರಿಗೆ ಗೋಂದು ಹಚ್ಚೋ ಮುಂಚೆ:

ಹೇಗೆ ಅಂತ ಕೇಳಬೇಡ ಅಂದೆನಲ್ಲ. ಹೇಳದೆ ನಿನ್ನನ್ನ ಆ ಮನೆಯೊಳಗೆ ಕರ್ಕೊಂಡರೆ ಮೋಸ ಆಗುತ್ತೆ. ಅಮ್ಮ ನಿಮ್ಮನೇಲಿ ಹೇಳ್ತಿದ್ದಳಲ್ಲ, ಆ ಸೋಮವಾರದ ಉಪವಾಸ ಅವಳಿಗೆ ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲ. ಹೋದ ಭಾನುವಾರ ನಾನು ಗಂಜಿ ಕುಡಿಸ್ತಿದ್ದೆ. ಚಮಚ ದೂರ ತಳ್ಳಿ, ಬೇಡಿ ಮುದ್ದಮ್ಮನೋರೇ, ಸೋಮವಾರ ನಂಗೆ ಉಪವಾಸ ಅಂದಳು. ಇವತ್ತು ಭಾನುವಾರ ಕಣಮ್ಮ ಅಂತ ನಾನು ನಕ್ಕೆ. ಆಗ ನನ್ನ ಕೈ ಹಿಡ್ಕೊಂಡು, ನನ್ನ ಹೆಸರನ್ನ ಸರಿಯಾಗಿ ಕರೆದು ಹೇಳಿದಳು. "ಎಷ್ಟು ಒಳ್ಳೆ ಜನ ಗೊತ್ತೇನೇ ಲಾಸ್ಯ. ನನಗೆ ಅಂತ ಹೊಸ ತಟ್ಟೆ ತಂದವ್ರೆ. ಆದ್ರೂ ಗಂಟ್ಲಲ್ಲಿ ಇಳಿಯಲ್ಲ ಕಣೆ. ಅಕ್ಷತಂಗೆ ಹೇಳ್ಬೇಡ."

ಮಂಗಳವಾರ ಅಪ್ಪ ಮತ್ತೆ ಅದೇ ಮಾತು ತೆಗೆದರು, ತುತ್ತು ಹಾಕದ ಮನೆ ಅಂತ. ನನಗೆ ತಡ್ಕೊಳ್ಳೋಕಾಗಲಿಲ್ಲ. ಅವರು ಪ್ರತಿ ಸಲ ಬಡಿಸಿದ್ದಾರೆ, ಮುಟ್ಟದೇ ಬಂದಿದ್ದು ನಿಮ್ಮ ಹೆಂಡತಿ ಅಂದುಬಿಟ್ಟೆ. ನಾಚಿಕೆ ಆಗುತ್ತೆ ಅವರಿಗೆ ಅಂದ್ಕೊಂಡಿದ್ದೆ. ಅಪ್ಪ ಕುರ್ಚಿ ನನ್ನ ಕಡೆ ಎಳ್ಕೊಂಡರು. ಆಮೇಲೆ, ನೀರು? ನೀರಾದರೂ ಕುಡಿದಳಾ ಅಂತ ಕೇಳಿದರು. ಇಲ್ಲ ಅಂದೆ. ನನಗೆ ಗೊತ್ತಿಲ್ಲ, ಆದರೂ ಇಲ್ಲ ಅಂದೆ. ಅಪ್ಪನ ಕಣ್ಣು ತುಂಬಿಕೊಂಡಿತು. ಅಮ್ಮ ಬಿದ್ದ ಮೇಲೆ ಮೊದಲನೇ ಸಲ ನಕ್ಕರು. "ನಮ್ಮವಳು ಕಣೆ ನಿಮ್ಮಮ್ಮ" ಅಂದರು. ಎದ್ದು ಹೋಗಿ ಅವಳ ಹಣೆಗೆ ವಿಭೂತಿ ಹಚ್ಚಿ ಬಂದು, ಬರಲಿ ಬಿಡು ಅವಳು, ಸೋಮವಾರ ಒಂದು ಗಂಟೆ ಅಂದರು.

ಅಪ್ಪನೇನಾದರೂ ಎದುರಾಗಿ ನಿನ್ನನ್ನ ನೀರಿನ ವಿಷಯ ಕೇಳಿದರೆ, ಇಲ್ಲ ಅನ್ನು.

ಮುದ್ದಮ್ಮನವರು ಅಮ್ಮನಿಗೆ ಅಂತ ಏನಾದರೂ ಮಾಡಿ ಕಟ್ಟಿಕೊಟ್ಟೇ ಕೊಡ್ತಾರೆ. ಬೇಡ ಅನ್ನಬೇಡ, ತಗೊಂಡು ಬಾ. ಗೇಟಿನ ಹತ್ತಿರ ನನ್ನ ಕೈಗೆ ಕೊಡು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದು ಅಗುಳೂ ಬಿಡದೆ ತಿಂತೀನಿ. ಕ್ಯಾರಿಯರ್ ತೊಳೆದು ಕೊಡ್ತೀನಿ, ಖಾಲಿಯದ್ದು ತಗೊಂಡು ಹೋಗಿ ಅವರಿಗೆ ಕೊಡು.